ನಾಳೆಯ ತಾರೀಖು ಬರೆದ ಗೋಡೆ

ಬೆಳಗಿನ ಐದೂಕಾಲು. ನೆಲದಿಂದ ಮುನ್ನೂರು ಮೀಟರ್ ಕೆಳಗೆ, ಕಲ್ಲಿದ್ದಲು ಗಣಿಯ ಕೊಟ್ಟಕೊನೆಯ ಸುರಂಗದಲ್ಲಿ, ಐವತ್ತಮೂರರ ಹೆಂಗಸೊಬ್ಬರು ಸೊಂಟ ಬಗ್ಗಿಸಿ ನಿಂತು ಗೋಡೆ ಓದುತ್ತಿದ್ದಾರೆ. ಹೆಲ್ಮೆಟ್ಟಿನ ದೀಪದಲ್ಲಿ ಸೀಮೆಸುಣ್ಣದ ಮೂರು ಸಾಲು ಕಾಣುತ್ತಿವೆ: ಹದಿಮೂರು, ಹದಿನಾಲ್ಕು, ಹದಿನೈದು. ಮೂರರ ಮುಂದೆಯೂ ಒಂದೇ ಸಹಿ. ಇವತ್ತಿನ್ನೂ ಹದಿನಾಲ್ಕು.

ಇವರು ಸರ್ಕಾರದ ಗಣಿ ಸುರಕ್ಷತಾ ಇಲಾಖೆಯ ಇನ್‌ಸ್ಪೆಕ್ಟರ್, ಕಾರ್ಮಿಕರ ಬಾಯಲ್ಲಿ ‘ಸುಣ್ಣದ ಮೇಡಂ’. ದಿನಾ ಬೆಳಗಿನ ಪಾಳಿಗೆ ಮುಂಚೆ ಗಣಿಯ ತಪಾಸಣೆಗಾರ ಇಲ್ಲಿಯವರೆಗೆ ನಡೆದು ಬಂದು, ಗಾಳಿಯಲ್ಲಿ ಬೆಂಕಿ ಹತ್ತುವ ಅನಿಲ ಎಷ್ಟಿದೆಯೆಂದು ಅಳೆದು, ಬಂದ ಗುರುತಿಗೆ ಗೋಡೆಯ ಮೇಲೆ ತಾರೀಖು ಬರೆದು ಸಹಿ ಹಾಕಬೇಕು. ಜನ ಇಳಿಯುವುದು ಆಮೇಲೆ. ಮೇಲಿನ ಆಫೀಸಿನ ರಿಜಿಸ್ಟರಿನಲ್ಲಿ ಇವತ್ತಿನ ತಪಾಸಣೆ ಆಗಲೇ ಮುಗಿದಿದೆ!

ಮೇಡಂ ಮೀಟರನ್ನು ಚಾವಣಿಗೆ ಹಿಡಿಯುತ್ತಾರೆ. ನೂರಕ್ಕೆ ಒಂದೂಕಾಲು ದಾಟಿದರೆ ಕರೆಂಟು ಕಡಿಯಬೇಕು. ಮೀಟರು ಎರಡರ ಹತ್ತಿರ ತೋರಿಸುತ್ತಿದೆ. ಮುಕ್ಕಾಲು ಗಂಟೆ ಕಳೆದರೆ ತೊಂಬತ್ತನಾಲ್ಕು ಜನ ಬಂದು ಇಲ್ಲಿ ಯಂತ್ರ ಚಾಲೂ ಮಾಡುವವರಿದ್ದಾರೆ, ಅನಿಲ ಇನ್ನಷ್ಟು ಏರಿದರೆ ಒಂದು ಕಿಡಿ ಸಾಕು. ಮೇಡಂ ಸುರಂಗದ ಫೋನೆತ್ತುತ್ತಾರೆ. “ಕರೆಂಟು ಕಡೀರಿ. ಯಾರೂ ಇಳಿಯೋ ಹಾಗಿಲ್ಲ.”

ಹನ್ನೊಂದು ಗಣಿಗಳಿಗೆ ಇರುವುದು ಮೂವರು ಇನ್‌ಸ್ಪೆಕ್ಟರುಗಳು. ಮೇಡಂ ದಿನಕ್ಕೆ ನಾಲ್ಕೈದು ಕಿಲೋಮೀಟರ್ ಬಗ್ಗಿಕೊಂಡೇ ನಡೆಯುತ್ತಾರೆ. ಇಪ್ಪತ್ತೆರಡು ವರ್ಷಗಳಲ್ಲಿ ಮೂವತ್ತೊಂದು ಸಲ ಗಣಿ ನಿಲ್ಲಿಸಿದ್ದಾರೆ, ಆರು ಸಲ ವರ್ಗವಾಗಿದ್ದಾರೆ. ವಾಸನೆಯಿಲ್ಲದ ಅನಿಲ ಹಿಡಿಯುವ ಅಮ್ಮನಿಗೆ ಒಲೆ ಮೇಲೆ ಹಾಲು ಸೀದರೆ ಗೊತ್ತಾಗುವುದಿಲ್ಲ ಎಂದು ಮಗಳು ಕಿಚಾಯಿಸುತ್ತಾಳಂತೆ. ರಿಜಿಸ್ಟರನ್ನು ಯಾಕೆ ನಂಬುವುದಿಲ್ಲ ಎಂದರೆ ಮಾತ್ರ ಅವರ ಮುಖ ಬಾಡುತ್ತದೆ. “ಒಂಬತ್ತು ವರ್ಷದ ಹಿಂದೆ ನಂಬಿದ್ದೆ. ಕಾಲು ನೋಯ್ತಿತ್ತು, ತುದಿಗೆ ಹೋಗಲಿಲ್ಲ, ಸಹಿ ಹಾಕಿ ಬಂದೆ. ಮೂರು ಜನ ಸುಟ್ಟುಕೊಂಡ್ರು.”

ಮೇಲೆ ಮ್ಯಾನೇಜರು ಕೆಂಡಾಮಂಡಲ. ತಿಂಗಳ ಗುರಿ ಮುಟ್ಟಿಲ್ಲ, ದೊಡ್ಡ ಫ್ಯಾನು ಹಾಕಿ ಎರಡು ಗಂಟೆಯಲ್ಲಿ ಗಾಳಿ ಸರಿಮಾಡಿಸುತ್ತೇವೆ, ಕಾಗದದ ಮೇಲೆ ಯಾಕೆ ತರುತ್ತೀರಿ ಎಂಬುದು ಅವರ ವಾದ. ಇಲಾಖೆಯ ಮೇಲಧಿಕಾರಿಯೂ ಫೋನಿನಲ್ಲಿ ಅದನ್ನೇ ಮೆತ್ತಗೆ ಹೇಳುತ್ತಾರೆ. ಮೇಡಂ ಎಲ್ಲರಿಗೂ ಹೂಂಗುಟ್ಟಿ ನೋಟಿಸ್ ಪುಸ್ತಕ ಬಿಚ್ಚುತ್ತಾರೆ. ಎಲ್ಲ ಬರೆದಾಯಿತು, ತಪಾಸಣೆಗಾರನ ಹೆಸರಿನ ಜಾಗ ಬಂದಾಗ ಪೆನ್ನು ನಿಲ್ಲುತ್ತದೆ.

ಎದುರಿನ ಬೆಂಚಿನ ಮೇಲೆ ಮಂಡಿ ನೀವಿಕೊಳ್ಳುತ್ತ ಕೂತಿದ್ದಾರೆ ಆ ಸಹಿಯ ಯಜಮಾನರು. ಇಡೀ ಗಣಿಗೆ ಅವರು ‘ದೊಡ್ಡಪ್ಪ’. ಮೊದಲ ದಿನ ಸುರಂಗದಲ್ಲಿ ತಲೆ ಎಲ್ಲಿ ತಗ್ಗಿಸಬೇಕು, ಕಾಲು ಎಲ್ಲಿಡಬೇಕು ಎಂದು ಮೇಡಂಗೆ ಕಲಿಸಿದವರೇ ಅವರು. ನಿವೃತ್ತಿಗೆ ಏಳು ತಿಂಗಳಿದೆ. ಹೆಸರು ಬರೆದರೆ ಪರವಾನಗಿ ಹೋಗುತ್ತದೆ, ಕೆಲಸವೂ ಉಳಿಯುವುದಿಲ್ಲ. ಮಂಡಿ ಊದಿ ನಡೆಯಲಾಗದೆ, ನಿನ್ನೆ ಹೋದಾಗಲೇ ಮೂರು ದಿನದ ತಾರೀಖನ್ನೂ ಬರೆದು ಬಂದೆ ಎಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ.

“ದೊಡ್ಡಪ್ಪ, ಮಂಡಿ ನೋವು ಅಂತ ಒಂದು ಮಾತು ಹೇಳಬಾರದಿತ್ತಾ?” ಮೇಡಂ ಕೇಳುತ್ತಾರೆ.

“ಹೇಳಿದ್ರೆ ಮನೆಗೆ ಕಳಿಸ್ತಿದ್ರು ತಾಯಿ.” ಅವರು ನೋಟಿಸ್ ಪುಸ್ತಕದ ಕಡೆ ಕೈ ತೋರಿಸುತ್ತಾರೆ. “ಬರಿ. ಬರೀದಿದ್ರೆ ನಿನ್ನ ಸಹಿಗೂ ನನ್ನ ಸುಣ್ಣದಷ್ಟೇ ಬೆಲೆ ಆಗುತ್ತೆ.”

ಮೇಡಂ ಬರೆಯುತ್ತಾರೆ. ಒಂಬತ್ತೂವರೆಗೆ ಮತ್ತೆ ಇಳಿದು, ತುದಿಯವರೆಗೆ ನಡೆದು ಅಳೆಯುತ್ತಾರೆ. ದೊಡ್ಡ ಫ್ಯಾನು ಓಡಿ ಗಾಳಿ ತಿಳಿಯಾಗಿದೆ. ತೊಂಬತ್ತನಾಲ್ಕು ಜನ ಬೈದುಕೊಳ್ಳುತ್ತಲೇ ಕೆಳಗಿಳಿಯುತ್ತಾರೆ, ತಾವು ಯಾವುದರಿಂದ ಪಾರಾದೆವೆಂದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಜೀಪು ಹತ್ತುವಾಗ, ನಿಮಗೇನು ಆಸೆ ಎಂದು ಕೇಳಿದರೆ ಮೇಡಂ ಕೈಯ ಮಸಿ ಒರೆಸಿಕೊಳ್ಳುತ್ತಾರೆ.

“ನಾಳೆ ಬೆಳಗ್ಗೆ ಮತ್ತೆ ಬರ್ತೀನಿ. ಆ ಗೋಡೇಲಿ ಹದಿನೈದು ಅಂತ ಬೇರೆಯವರ ಕೈಬರಹದಲ್ಲಿದ್ರೆ ಸಾಕು.”