ಲಾಭ, ಎರಡು, ಮೂರು

ನಮ್ಮ ಕಡೆ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಅನ್ನುವುದಿಲ್ಲ. ಲಾಭ ಅನ್ನುತ್ತಾರೆ. ಲಾಭ, ಆಮೇಲೆ ಎರಡು, ಮೂರು. ನಮ್ಮ ಮನೆಯಲ್ಲಿ ಹಾಗೆ ಕೂಗಿ ಅಳೆಸುತ್ತಿದ್ದವರು ನಮ್ಮ ಅತ್ತೆ. ಮಾವ ತೀರಿಕೊಂಡ ಮೇಲೆ ಹೊಲ, ಕಣ, ಆಳುಕಾಳು ಎಲ್ಲವೂ ಅವರ ಕೈಯಲ್ಲೇ ಇತ್ತು. ಬಾಯಿಯಂತೂ ಕೇಳುವುದೇ ಬೇಡ. ಅವರು ನಮ್ಮ ಕಣದಲ್ಲಿ ನಿಂತು ಲಾಭ ಎಂದರೆ ಆಚೆ ಕಣದವರು ತಮ್ಮ ಲೆಕ್ಕ ತಪ್ಪುತ್ತಿದ್ದರು.

ಕಾಯಿಲೆಯನ್ನೂ ಎಣಿಸುತ್ತಾರೆ ಅನ್ನುವುದು ನನಗೆ ಗೊತ್ತಾಗಿದ್ದು ಅರವತ್ತರ ದಶಕದ ಒಂದು ಸುಗ್ಗಿಯಲ್ಲಿ. ಗೌರಿಬಿದನೂರಿನಿಂದ ನಗರಗೆರೆ ಕಡೆ ಬರುವ ಬಸ್ಸಿನಿಂದ ಒಬ್ಬ ಎಳೆಯ ಡಾಕ್ಟರು ಇಳಿದರು. ಕೈಯಲ್ಲಿ ಒಂದು ಟಾರ್ಚು. ಊರಿನವರ ಬಾಯಿ ನೋಡಬೇಕು ಎಂದರು. ಹೆಂಗಸರು ಪರಗಂಡಸಿನ ಮುಂದೆ ಬಾಯಿ ತೆಗೆಯುವುದುಂಟೆ? ಊರಿನ ಸೊಸೆಯರಲ್ಲಿ ನಾಲ್ಕಕ್ಷರ ಓದಿದವಳು ನಾನೊಬ್ಬಳೇ. ಹೀಗಾಗಿ ಟಾರ್ಚು ನನ್ನ ಕೈಗೆ ಬಂತು.

"ಈ ಕ್ಯಾನ್ಸರು ಲೋಕದಲ್ಲಿ ಎಷ್ಟಿದೆ, ವರ್ಷದಿಂದ ವರ್ಷಕ್ಕೆ ಹೆಚ್ತಿದೆಯಾ ಕಮ್ಮಿ ಆಗ್ತಿದೆಯಾ ಅಂತ ಎಲ್ಲಾ ದೇಶದೋರೂ ಲೆಕ್ಕ ಹಾಕೋಕೆ ಹೊರಟಿದ್ದಾರಮ್ಮ," ಎಂದು ಅವರು ನನಗೆ ಬಿಡಿಸಿ ಹೇಳಿದರು. "ಇಂಥ ಹಳ್ಳಿಗಳಿಗೆ ಯಾರೂ ಬಂದು ನೋಡಿಲ್ಲ. ನೋಡದೇ ಇರೋದ್ರಿಂದ ಇಲ್ಲಿ ಇಲ್ಲವೇ ಇಲ್ಲ ಅಂದ್ಕೊಂಡಿದ್ದಾರೆ. ಈ ಸಲ ನೋಡಿ, ಮುಂದೆ ಇನ್ನೊಂದು ಸಲ ಇದೇ ಬಾಯಿಗಳನ್ನ ನೋಡ್ಬೇಕು."

ನಾನು ತಲೆಯಾಡಿಸಿದೆ. ಆ ಕಾಯಿಲೆಯ ಹೆಸರನ್ನು ನಮ್ಮೂರಲ್ಲಿ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಕೆಟ್ಟ ಹುಣ್ಣು ಅನ್ನುತ್ತಿದ್ದರು, ಅದೂ ಪಿಸುಮಾತಿನಲ್ಲಿ. ಜೋರಾಗಿ ಅಂದರೆ ಅಂದವರ ಮನೆಗೇ ಬಂದುಬಿಡುತ್ತದೆ ಅನ್ನುವ ಭಯ. ಮತ್ತೆ ಹೊಗೆಸೊಪ್ಪು ಹಾಕದ ಹೆಂಗಸು ಊರಲ್ಲಿ ಯಾರಿದ್ದರು? ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಸೇರಿಸಿ ಕೆನ್ನೆಯೊಳಗೆ ಒತ್ತರಿಸಿಕೊಂಡರೆ ಕಳೆ ಕೀಳುವಾಗ ಹಸಿವಿಲ್ಲ, ಮಲಗಿದರೆ ಹಲ್ಲುನೋವಿಲ್ಲ. ಹಾಗೇ ನಿದ್ದೆ ಹೋಗುವವರೇ ಹೆಚ್ಚು. ಮೊದಲ ಬಾಣಂತನದಲ್ಲಿ ಹಲ್ಲುನೋವು ಎಂದು ನಾನು ಅತ್ತಾಗ ಅತ್ತೆ ತಮ್ಮ ಸಂಚಿಯಿಂದಲೇ ಒಂದೆಸಳು ಮುರಿದು ಕೊಟ್ಟಿದ್ದರು. ಅಂದಿನಿಂದ ನನಗೂ ಅದಿಲ್ಲದೆ ಆಗುತ್ತಿರಲಿಲ್ಲ. ಈಗಲೂ ಪತ್ರಿಕೆಯಲ್ಲಿ ಲೋಕದ ಕ್ಯಾನ್ಸರಿನ ಲೆಕ್ಕ ಓದುವಾಗ ನನ್ನ ನಾಲಿಗೆ ತಾನೇ ತಾನಾಗಿ ಎಡಗೆನ್ನೆಯ ಒಳಗನ್ನು ತಡವುತ್ತದೆ.

ಮನೆ ಮನೆ ಹತ್ತಿ ಇಳಿದೆವು. ಕೆಲವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದರು. ತೆಲುಗು ಮಾತಾಡುವ ಮನೆಯ ಅಜ್ಜಿಯೊಬ್ಬಳು, "ನಾಕೇಮೀ ಲೇದಮ್ಮ, ಪೋ," ನನಗೇನೂ ಇಲ್ಲ ಹೋಗು ಎಂದು ಬಾಗಿಲೇ ಹಾಕಿಕೊಂಡಳು. ಬಾಯಿ ತೆಗೆದವರಲ್ಲಿ ಅಲ್ಲಲ್ಲಿ ಬಿಳಿ ಮಚ್ಚೆ ಕಂಡಿತು. ಡಾಕ್ಟರು ಹೊಗೆಸೊಪ್ಪು ಬಿಡಿ ಎಂದರು. ಅವರು ಹುಡುಕುತ್ತಿದ್ದ, ಅಂಚು ಎದ್ದ ಹುಣ್ಣು ಮಾತ್ರ ಎಲ್ಲೂ ಸಿಗಲಿಲ್ಲ. ಪ್ರತಿಯೊಬ್ಬರಿಗೂ ಅವರದು ಒಂದೇ ಪ್ರಶ್ನೆ: "ಊಟ ಮಾಡುವಾಗ ನೋವಾಗುತ್ತಾ?"

"ಇಲ್ಲ ಸ್ವಾಮಿ, ಮುದ್ದೆ ಚೆನ್ನಾಗೇ ಇಳೀತದೆ," ಎಂದು ಎಲ್ಲರದೂ ಒಂದೇ ಉತ್ತರ.

ಪೇಟೆಯ ಡಾಕ್ಟರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಮೂರನೆಯ ಬೀದಿ ದಾಟುವಾಗ ನನಗೇ ಥಟ್ಟನೆ ಹೊಳೆಯಿತು. ಮುದ್ದೆಯನ್ನು ಯಾರು ಅಗಿಯುತ್ತಾರೆ? ಮುರಿದು, ಸಾರಿನಲ್ಲಿ ಅದ್ದಿ, ನುಂಗುವುದು. ಅಗಿದವನನ್ನು ನಾವು ಆಡಿಕೊಂಡು ನಗುತ್ತೇವೆ. ಬಾಯೆಲ್ಲ ಹುಣ್ಣಾಗಿದ್ದರೂ ಮುದ್ದೆ ಇಳಿಯುತ್ತದೆ. ಮುದ್ದೆ ಇಳಿಯುವವರೆಗೆ ಮನುಷ್ಯ ಗಟ್ಟಿ ಅನ್ನುವುದೇ ನಮ್ಮ ಲೆಕ್ಕ.

"ಕಡಲೆಕಾಯಿ ತಿಂತೀರಾ ಅಂತ ಕೇಳಿ," ಎಂದೆ ಡಾಕ್ಟರಿಗೆ. ಹೇಳುತ್ತಿದ್ದ ಹಾಗೆಯೇ ಅತ್ತೆಯ ನೆನಪಾಯಿತು. ಆ ಸುಗ್ಗಿಯಲ್ಲಿ ಅತ್ತೆ ಒಂದು ಕಡಲೆಕಾಯಿ ಬಾಯಿಗೆ ಹಾಕಿರಲಿಲ್ಲ. ಹುರಿಗಾಳು ಕೊಟ್ಟರೆ ಮಕ್ಕಳ ಕೈಗೆ ಸುರಿಯುತ್ತಿದ್ದರು. ಸಾರಿಗೆ ಖಾರ ಕಮ್ಮಿ ಹಾಕು ಅಂದಿದ್ದರು. ಯಾಕತ್ತೆ ಎಂದು ನಾನು ಕೇಳಿಯೂ ಇದ್ದೆ. "ಪಿತ್ತ ಕಣಮ್ಮ. ಏನೂ ಇಲ್ಲ," ಎಂದು ಮುದ್ದೆ ಮುರಿದು ನುಂಗಿ, "ನೋಡು, ಇಳೀಲಿಲ್ವಾ?" ಎಂದು ನಕ್ಕಿದ್ದರು.

ಮುಂದಿನ ಮನೆಗಳಲ್ಲಿ ನಾನು ಬೇಕೆಂದೇ ತಡ ಮಾಡಿದೆ. ಬೀದಿಯ ಕೊನೆಗೆ ನಮ್ಮ ಮನೆ. ಆ ಬೀದಿ ಮುಗಿಯದಿರಲಿ ಎಂದು ದೇವರಿಗೆ ಹರಕೆ ಹೊತ್ತೆ.

ಅತ್ತೆ ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದರು. ಅಕ್ಕಪಕ್ಕದವರೂ ಸೇರಿದ್ದರು. "ಬಾಪ್ಪ ಡಾಕ್ಟ್ರೇ, ಕೂತ್ಕೋ. ಅಲ್ಲಾ, ರಾಗಿ ಅಳಿಯೋವಾಗ ನಾವು ಲಾಭ ಅಂತ ಶುರು ಮಾಡ್ತೀವಿ. ಕಾಯಿಲೆ ಅಳಿಯೋರು ಏನಂತೀರಿ? ಅದಕ್ಕೂ ಲಾಭ ಅಂತಾನಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಡಾಕ್ಟರು ಪಾಪ, ತಮಾಷೆ ಅಂತ ತಿಳಿಯದೆ, "ಇಲ್ಲಮ್ಮ, ಒಂದು ಅಂತಲೇ," ಎಂದರು.

ಅತ್ತೆಯ ನಗು ನಿಂತುಹೋಯಿತು. "ಹಾಗಾದ್ರೆ ನನ್ನಿಂದ ಶುರು ಮಾಡ್ಬೇಡಿ," ಎಂದು ಎದ್ದು ಒಳಗೆ ಹೋದರು.

ನಾನು ಹಿಂದೆಯೇ ಹೋದೆ. ಹಿತ್ತಲ ಬಾಗಿಲಲ್ಲಿ ಬಿಸಿಲಿಗೆ ಬೆನ್ನು ಹಾಕಿ ನಿಂತಿದ್ದರು. ನನ್ನನ್ನು ಬಾಯಿಗೆ ಬಂದಂತೆ ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ತಿರುಗಿ, ಬಿಸಿಲಿಗೆ ಮುಖ ಕೊಟ್ಟು, ಬಾಯಿ ತೆಗೆದರು. ಪೂರಾ ತೆಗೆಯಲು ಅವರಿಗೆ ಆಗಲಿಲ್ಲ. ಎಡಗೆನ್ನೆಯ ಒಳಗೆ, ಹೊಗೆಸೊಪ್ಪು ಇಡುವ ಜಾಗದಲ್ಲಿ, ಅದು ಇತ್ತು. ಟಾರ್ಚಿನ ಅಗತ್ಯವೇ ಬೀಳಲಿಲ್ಲ. ಈ ಮನೆಯಲ್ಲಿ ನನಗಿದ್ದ ಧೈರ್ಯವೆಲ್ಲ ಈ ಹೆಂಗಸು. ಅವರಿಗೇ ಹೀಗಾದರೆ ನನ್ನ ಗತಿ ಏನು ಅನ್ನಿಸಿತು. ಆಮೇಲೆ ಡಾಕ್ಟರನ್ನು ಕೂಗಿದೆ. ಅತ್ತೆ ಬೇಡ ಅನ್ನಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಹೆದರಿಕೆಯಾಯಿತು.

ನಮ್ಮ ಯಜಮಾನರು ಅವರನ್ನು ಗೌರಿಬಿದನೂರಿನಲ್ಲಿ ರೈಲು ಹತ್ತಿಸಿ ಬೆಂಗಳೂರಿಗೆ ಕರೆದುಕೊಂಡು ಹೋದರು. ಅಲ್ಲಿ ದವಡೆಯ ಒಂದು ಭಾಗ ತೆಗೆದರು, ಕಿರಣ ಹಾಯಿಸುವ ಕರೆಂಟು ಕೊಟ್ಟರು. ತಿರುಗಿ ಬಂದ ಅತ್ತೆಯ ಅರ್ಧ ಮುಖಕ್ಕೆ ಬಟ್ಟೆ ಕಟ್ಟಿತ್ತು. ಮಾತು ಜೊಲ್ಲಿನಲ್ಲಿ ಕಲಸಿಹೋಗುತ್ತಿತ್ತು. ಮುದ್ದೆಯೂ ಇಳಿಯುತ್ತಿರಲಿಲ್ಲ, ರಾಗಿ ಅಂಬಲಿಯೇ ಗತಿ.

ಬಂದ ಮಾರನೆಯ ಬೆಳಿಗ್ಗೆ ನನ್ನನ್ನು ಹತ್ತಿರ ಕರೆದರು.

"ನನ್ನನ್ನ ಬರ್ಕೊಂಡ್ರಾ?"

"ಹೂಂ ಅತ್ತೆ."

"ಒಂದು ಅಂತಾನಾ?"

ನಾನು ಅಂಬಲಿಯ ಲೋಟ ಅವರ ಮುಂದೆ ಇಟ್ಟೆ. ಡಾಕ್ಟರು ನನ್ನ ಬಳಿಯೇ ಬಿಟ್ಟು ಹೋಗಿದ್ದ ಟಾರ್ಚು ಗೂಡಿನಲ್ಲಿತ್ತು. ಅದನ್ನು ಕೊಡು ಎಂದು ಕೈ ಮಾಡಿದರು. ಕೊಟ್ಟೆ.

"ಬಾಯಿ ತೆಗಿ."

ಊರಿನ ಬಾಯಿಗಳನ್ನೆಲ್ಲ ನೋಡಿದ ನಾನು ನನ್ನ ಬಾಯಿಯನ್ನು ಡಾಕ್ಟರಿಗೆ ತೋರಿಸಿರಲಿಲ್ಲ, ಅವರಿಗೂ ಕೇಳಬೇಕೆಂದು ತೋಚಿರಲಿಲ್ಲ. ಅತ್ತೆಯ ಮುಂದೆ ಮಂಡಿಯೂರಿ ಬಾಯಿ ತೆಗೆದೆ. ಅವರ ಬೆರಳು ನನ್ನ ಎಡಗೆನ್ನೆಯನ್ನು ಒಳಗಿನಿಂದ ಹಿಗ್ಗಿಸಿತು. ಬೆಳಕು ಅಲ್ಲೇ ನಿಂತಿತು. ಬಹಳ ಹೊತ್ತು ನೋಡಿದರು. ಅವರ ಬಾಯಿಂದ ಎಲ್ಲಿ ಎರಡು ಅನ್ನುವ ಮಾತು ಬರುತ್ತದೋ ಎಂದು ಹೆದರಿದ್ದೆ.

ಟಾರ್ಚು ಆರಿಸಿದರು. ಸೆರಗಿನಿಂದ ನನ್ನ ತುಟಿ ಒರೆಸಿದರು.

"ಏನೂ ಇಲ್ಲ ಕಣಮ್ಮ," ಎಂದರು.

ಕಡಲೆಕಾಯಿ ಯಾಕೆ ಬೇಡ ಎಂದು ನಾನು ಕೇಳಿದ ದಿನ ತಮ್ಮ ಬಾಯಿಯ ಬಗ್ಗೆಯೂ ಅವರು ಇದನ್ನೇ ಹೇಳಿದ್ದರು. ನಾನು ಅಳುತ್ತಲೇ ಮಗುವನ್ನು ಕಂಕುಳಿಗೇರಿಸಿಕೊಂಡು, ಡಾಕ್ಟರು ಸಿಗುತ್ತಾರೇನೋ ನೋಡೋಣವೆಂದು, ಗೌರಿಬಿದನೂರಿನ ಬಸ್ಸಿಗೆ ಹೊರಟೆ.