ಬೂಟು ಬಿಡಿಸಿದ ಬಂಡೆಗಳು

ಬುಕ್ಕಸಾಗರದ ಮರುಳಸಿದ್ದಮ್ಮ ಆಡು ಕಾಯುವಾಕೆ. ೧೯೨೬ರಲ್ಲಿ ಸರ್ವೆಯವರು ಕಂಪ್ಲಿ ರಸ್ತೆ ಬದಿಯ ಬಂಡೆಗಳ ನೆತ್ತಿಯಲ್ಲಿ ಬಾವುಟ ನೆಡಲು ಬಂದಾಗ, ಯಾವುದನ್ನು ಹತ್ತಬಹುದು, ಎಲ್ಲಿಂದ ಹತ್ತಬಹುದು ಎಂದು ಹೇಳಲು ಅವಳನ್ನೇ ಜೊತೆಗೆ ಕರೆದುಕೊಂಡರು. ಹಿಂದೆಂದೂ ಕಾಣದ ಬಂಡೆಯಾದರೂ ಸರಿ, ಮೊದಲು ಅದಕ್ಕೊಂದು ಸುತ್ತು ಹಾಕುತ್ತಿದ್ದಳು. ಹೆಜ್ಜೇನು ಕಟ್ಟಿದೆಯೇ ಎಂದು ಮೇಲೆ ನೋಡುತ್ತಿದ್ದಳು. ಆಡಿನ ಹಿಕ್ಕೆ ಎಲ್ಲಿಯವರೆಗೆ ಬಿದ್ದಿದೆ ಎಂದು ಸಂದುಗಳಲ್ಲಿ ನೋಡುತ್ತಿದ್ದಳು. ಆಮೇಲೆ "ಹತ್ರಿ" ಅಥವಾ "ಇದು ಬ್ಯಾಡ", ಅಷ್ಟೇ. ಯಾಕೆ ಎಂದು ಕೇಳಿದರೆ ಸಿಡುಕುತ್ತಿದ್ದಳು. ಅವಳ ಮಾತು ಒಮ್ಮೆಯೂ ತಪ್ಪಲಿಲ್ಲ.

ಸರ್ವೆಯ ವೆಂಕೋಬರಾಯರಿಗೆ ಒಂದೇ ಸೋಜಿಗ. ಹತ್ತುವ ಪ್ರತಿ ಬಂಡೆಯ ಬುಡದಲ್ಲೂ ಅವಳು ಕೈಮುಗಿದು, "ಅಮ್ಮನ ಜಾಗ ಐತ್ರಿ, ಬೂಟು ಬಿಡ್ರಿ" ಎನ್ನುತ್ತಿದ್ದಳು. ರಾಯರು ಕೂಡಲೇ ಬೂಟು ಬಿಚ್ಚಿಟ್ಟು ಬರಿಗಾಲಲ್ಲೇ ಹತ್ತುತ್ತಿದ್ದರು.

ಏಳನೆಯ ಬಂಡೆಯ ಮೇಲೆ ಬಾವುಟ ನೆಟ್ಟ ಮೇಲೆ ಕೇಳಿಯೇಬಿಟ್ಟರು: "ಅಲ್ಲವ್ವ, ನಿಮ್ಮೂರು ದಾಟಿ ಭಾಳ ದೂರ ಬಂದೀವಿ, ಈ ಕಡೆ ನೀನೂ ಹೊಸಬಳು. ಇಲ್ಲಿ ಅಮ್ಮ ಇದ್ದಾಳಂತ ನಿನಗ ಹ್ಯಾಂಗ ಗೊತ್ತಾತು?"

"ಅಮ್ಮನೂ ಇಲ್ಲ, ಅಪ್ಪನೂ ಇಲ್ರಿ," ಎಂದಳು ಮರುಳಸಿದ್ದಮ್ಮ. "ಬೂಟು ಜಾರ್ತಾವಂತ ಮೊದಲನೇ ದಿನಾನ ಹೇಳಿದ್ದೆ. ಆಡು ಕಾಯಾಕಿ ಮಾತು ನೀವೆಲ್ಲಿ ಕೇಳಿದ್ರಿ?"