ಉಜ್ಜದೆ ಹಾಕಿದ ಕೊತ್ತಂಬರಿ ಬೀಜ

ನಾನು ಚಿಕ್ಕವಳಿದ್ದಾಗ ಕತ್ರಿಗುಪ್ಪೆ ಒಂದು ಹಳ್ಳಿ. ಈಗ ನೀವು ಮೊಮ್ಮಕ್ಕಳು ಪಿಜ್ಜಾ ತಿನ್ನಲು ಹೋಗುತ್ತೀರಲ್ಲ, ಆ ರಸ್ತೆಯ ಪಕ್ಕದಲ್ಲೇ ನಮ್ಮ ಸೊಪ್ಪಿನ ತೋಟವಿತ್ತು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ನನ್ನ ಅಕ್ಷರ ಓದಲು ಕಷ್ಟವಾದರೆ ಕಷ್ಟಪಟ್ಟೇ ಓದಿ.

ಸ್ಕೂಲು ಬಿಟ್ಟ ವರ್ಷವೇ ನಮ್ಮ ಅವ್ವನಿಗೆ ಒಂದು ಗಂಡುಮಗು ಹುಟ್ಟಿ, ಒಂಬತ್ತನೇ ದಿನಕ್ಕೆ ತೀರಿಕೊಂಡಿತು. ಆಮೇಲೆ ಅವ್ವ ಮಾತು ನಿಲ್ಲಿಸಿದಳು. ಅಳಲೂ ಇಲ್ಲ. ಗೋಡೆ ಕಡೆ ಮುಖ ಮಾಡಿ ಕೂತೇ ಇರುತ್ತಿದ್ದಳು, ತಟ್ಟೆಯಲ್ಲಿ ಮುದ್ದೆ ಒಣಗಿ ಕಲ್ಲಾಗುತ್ತಿತ್ತು. ಅಪ್ಪನ ತಾಯಿಯನ್ನು ನಾನು ಅಜ್ಜಮ್ಮ ಅನ್ನುತ್ತಿದ್ದೆ. ಸೊಸೆಗೆ ಗಾಳಿ ಸೋಕಿದೆ ಎಂದು ತೀರ್ಮಾನ ಮಾಡಿದವಳು ಅವಳೇ. ಹೊರಗಿನ ಗಾಳಿ ಮತ್ತೆ ತಾಗಬಾರದೆಂದು ಅವ್ವನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ, ಕಿಟಕಿಗೆ ಗೋಣಿಚೀಲ ತುರುಕಿಸಿದಳು. ಹಗಲಲ್ಲೂ ಕತ್ತಲು. ಸೀಮೆಎಣ್ಣೆ ದೀಪದ ಹೊಗೆ, ಬೇವಿನ ಹೊಗೆ, ಬೆವರಿನ ವಾಸನೆ. ಅಜ್ಜಮ್ಮ ಕೆಟ್ಟವಳಲ್ಲ. ಅವಳಿಗೆ ತಿಳಿದದ್ದು ಅಷ್ಟು. ಎರಡು ತಿಂಗಳಾದರೂ ಅವ್ವ ಹಾಗೇ ಇದ್ದಳು.

ಒಂದು ಬೆಳಿಗ್ಗೆ ಅಜ್ಜಮ್ಮ ಸೊಪ್ಪಿನ ಕಟ್ಟು ಕಟ್ಟುತ್ತಾ ಅಪ್ಪನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

"ನಾಳೆ ಗಾಡಿ ಕಟ್ಟು. ಅವಳನ್ನ ತವರಿಗೆ ಬಿಟ್ಬಿಟ್ಟು ಬಾ. ಸರಿಹೋದ್ರೆ ಕರ್ಕೊಂಬರೋಣ."

"ಸರಿಹೋಗ್ಲಿಲ್ಲ ಅಂದ್ರೆ?" ಅಂದ ಅಪ್ಪ.

ಅಜ್ಜಮ್ಮ ಇನ್ನೊಂದು ಹಿಡಿ ಸೊಪ್ಪು ಎತ್ತಿಕೊಂಡಳು. ಕಟ್ಟು ಕಟ್ಟುತ್ತಲೇ ಇದ್ದಳು.

ನನಗೆ ಹೊಳೆದದ್ದು ಒಂದೇ. ಅವ್ವ ಕೆಲಸ ಮಾಡುತ್ತಿಲ್ಲ, ಅದಕ್ಕೇ ಕಳಿಸುತ್ತಿದ್ದಾರೆ. ಅವಳ ಕೆಲಸವೆಲ್ಲ ನಾನೇ ಮಾಡಿಬಿಟ್ಟರೆ ಯಾರು ಯಾಕೆ ಕಳಿಸುತ್ತಾರೆ? ಗಡಿಗೆಯಲ್ಲಿದ್ದ ಕೊತ್ತಂಬರಿ ಬೀಜವನ್ನು ಲಂಗದ ಮಡಿಲಿಗೆ ಸುರಿದುಕೊಂಡು ತೋಟಕ್ಕೆ ಓಡಿದೆ. ಅಪ್ಪ ಮಣ್ಣು ಹದಮಾಡಿ ಬಿಟ್ಟಿದ್ದ. ಪಕ್ಕದಲ್ಲಿ ಸಬ್ಬಸಿಗೆ ಘಮ್ಮೆನ್ನುತ್ತಿತ್ತು. ಕಾಲಿನ ಕೆಳಗೆ ಮಣ್ಣು ತಣ್ಣಗಿತ್ತು. ಗೊರವಂಕ ಹಕ್ಕಿಗಳು ಹಿಂದೆಯೇ ಬಂದವು. ಅವನ್ನು ಓಡಿಸುತ್ತಾ ಬೀಜವೆಲ್ಲ ಚೆಲ್ಲಿ, ಮೇಲೆ ಮಣ್ಣೆಳೆದೆ. ನೀರೊಂದು ಬಾಕಿ. ಅಷ್ಟರಲ್ಲಿ ಅವ್ವನಿಗೆ ಹೇಳದೆ ಇರಲಾಗದೆ ಹಿಂದಿನ ಕೋಣೆಗೆ ಓಡಿದೆ.

"ಅವ್ವಾ, ಕೊತ್ತಂಬರಿ ಹಾಕ್ದೆ! ನೀನೇನೂ ಮಾಡ್ಬೇಡ. ಎಲ್ಲಾ ನಾನೇ ಮಾಡ್ತೀನಿ."

ಅವ್ವ ಗೋಡೆಯನ್ನೇ ನೋಡುತ್ತಿದ್ದಳು. ನಾನು ವಾಪಸ್ ಬಾಗಿಲವರೆಗೆ ಬಂದಿದ್ದೆ. ಹಿಂದಿನಿಂದ ತುಕ್ಕು ಹಿಡಿದಂಥ ದನಿ ಬಂತು.

"ಬೀಜ ಉಜ್ಜಿದ್ಯಾ?"

ಕೊತ್ತಂಬರಿ ಬೀಜ ಒಂದೇ ಕಾಳಿನಂತೆ ಕಂಡರೂ ಒಳಗೆ ಎರಡಿರುತ್ತವೆ. ನೆಲದ ಮೇಲೆ ಹರಡಿ, ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ, ಎರಡು ಹೋಳು ಮಾಡಿಯೇ ಹಾಕಬೇಕು. ಇಲ್ಲದಿದ್ದರೆ ಅಲ್ಲೊಂದು ಇಲ್ಲೊಂದು ಏಳುತ್ತವೆ. ನಮ್ಮ ಕೇರಿಯ ಐದು ವರ್ಷದ ಮಕ್ಕಳಿಗೂ ಅದು ಗೊತ್ತಿತ್ತು. ಆತುರದಲ್ಲಿ ನಾನು ಮರೆತಿದ್ದೆ.

"ಇಲ್ಲ," ಅಂದೆ.

"ಥೂ ದಡ್ಡಿ! ಬೀಜವೆಲ್ಲ ಹಾಳು ಮಾಡ್ದಲ್ಲೇ!"

ಗೋಡೆ ಹಿಡಿದುಕೊಂಡು ಎದ್ದಳು. ಹೊಸಿಲು ದಾಟಿದಳು. ಅಂಗಳದಲ್ಲಿ ಅಜ್ಜಮ್ಮ ಕಿರುಚಿದಳು, "ಅಯ್ಯೋ, ಗಾಳಿಗೆ ಬಿಡ್ಬೇಡ್ರೋ!" ಅಪ್ಪ ಗುದ್ದಲಿ ಕೆಳಗಿಟ್ಟು ಅಜ್ಜಮ್ಮನಿಗೆ ಅಡ್ಡ ನಿಂತ. "ಸುಮ್ನಿರವ್ವ. ಹೋಗ್ಲಿ ಬಿಡು."

ಅವ್ವ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ನಾನು ಬಿತ್ತಿದ ಕಡೆ ಕೂತಳು. ಮಣ್ಣು ಕೆದಕಿ ಒಂದೊಂದೇ ಬೀಜ ಆಯ್ದಳು. ಉಗುರೆಲ್ಲ ಕೆಂಪು ಮಣ್ಣು. ನಾನೂ ಆಯ್ದೆ. ಬೀಜ ಉಜ್ಜಿ ಮತ್ತೆ ಹಾಕುವ ಹೊತ್ತಿಗೆ ಮಧ್ಯಾಹ್ನವಾಯಿತು. ಅಪ್ಪ ಬದುವಿನ ಮೇಲೇ ಮುದ್ದೆ ತಂದಿಟ್ಟ. ಅರ್ಧ ತಿಂದು ಅವ್ವ ಅತ್ತಳು, ಮಗು ಹೋದ ಮೇಲೆ ಮೊದಲ ಸಲ. ಮಣ್ಣಿನ ಕೈಯಲ್ಲೇ ಕಣ್ಣೊರೆಸಿಕೊಂಡು ಉಳಿದರ್ಧವನ್ನೂ ತಿಂದಳು. ಮರುದಿನ ಅಪ್ಪ ಗಾಡಿ ಕಟ್ಟಲಿಲ್ಲ.

ಅವತ್ತೇ ಸರಿಹೋದಳು ಅಂದರೆ ಸುಳ್ಳಾಗುತ್ತದೆ. ಎಷ್ಟೋ ದಿನ ತೋಟದಲ್ಲೂ ಸುಮ್ಮನೆ ಕೂತಿರುತ್ತಿದ್ದಳು. ಆದರೆ ಕೂತದ್ದು ಬಿಸಿಲಲ್ಲಿ, ಹಸಿರಿನ ಮಧ್ಯೆ. ಗೋಣಿಚೀಲವನ್ನು ಅಜ್ಜಮ್ಮನೇ ಕಿತ್ತೆಸೆದಳು. ಕೊತ್ತಂಬರಿ ಕೀಳುವ ಹೊತ್ತಿಗೆ, ಕಟ್ಟು ಸಡಿಲವಾಯಿತೆಂದು ಅವ್ವ ಅಪ್ಪನ ಮೇಲೆ ಜಗಳಕ್ಕೆ ಬಿದ್ದಳು. ಆಗ ನಮಗೆಲ್ಲ ಧೈರ್ಯ ಬಂತು.

ಈಗ ಆ ತೋಟದ ಮೇಲೆ ಅಪಾರ್ಟ್‌ಮೆಂಟ್ ಇದೆ. ಮನಸ್ಸು ಕೆಟ್ಟರೆ ತೋರಿಸಲು ನಿಮಗೆ ಡಾಕ್ಟರ್ ಇದ್ದಾರೆ, ಅವ್ವನಿಗೆ ಇರಲಿಲ್ಲ. ಡಾಕ್ಟರ್ ಹೇಳಿದ್ದನ್ನು ಕೇಳಿ. ಆದರೆ ನಿಮ್ಮಲ್ಲಿ ದೊಡ್ಡವಳು ಪರೀಕ್ಷೆಯಲ್ಲಿ ಫೇಲಾದ ಮೇಲೆ ಎರಡು ವಾರ ರೂಮಿನ ಪರದೆ ಎಳೆದುಕೊಂಡು ಮಲಗಿದ್ದಳಲ್ಲ, ನನಗೆ ಕಂಡದ್ದು ಆ ಗೋಣಿಚೀಲವೇ. ಮೊನ್ನೆ ಬಾಗಿಲು ತಟ್ಟಿ, ಒಂದು ಹಿಡಿ ಕೊತ್ತಂಬರಿ ಬೀಜ ತೋರಿಸಿದೆ.

"ಟೆರೇಸ್ ಮೇಲಿನ ಡಬ್ಬಕ್ಕೆ ಇದನ್ನ ಹಿಂಗೇ ಚೆಲ್ಲಿಬಿಡ್ತೀನಿ ಕಣೆ."

ಮಲಗಿದ್ದಲ್ಲೇ ಮೊಬೈಲ್ ನೋಡಿದಳು. "ಅಜ್ಜಿ, ಉಜ್ಜಿ ಹಾಕ್ಬೇಕಂತೆ. ಇಷ್ಟು ವಯಸ್ಸಾಯ್ತು, ಇದೂ ಗೊತ್ತಿಲ್ವಾ ನಿಂಗೆ?"

"ಗೊತ್ತಿಲ್ಲ," ಅಂದೆ. "ತೋರ್ಸು ಬಾ."

ಗೊಣಗುತ್ತಾ ಎದ್ದಳು. ಒಂದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ನನಗಿಂತ ಮುಂದೆ ಮೆಟ್ಟಿಲು ಹತ್ತಿದಳು.